ನನ್ನ ಪದ್ಯದಲ್ಲಿ ದುಃಖ ಸಾಲದಂತೆ

ಮಾನ್ಯ ಕಾರ್ಯಕ್ರಮಾಧಿಕಾರಿಗಳೇ,

ಪ್ರಾಚೀನ ರೋಮಿನಿಂದ ಗಡೀಪಾರಾದ ಕವಿಗಳ ಕುರಿತ ನಿಮ್ಮ ಸಾಹಿತ್ಯ ಸಂಜೆಯ ಪಟ್ಟಿಯಿಂದ ನನ್ನ ಹೆಸರನ್ನು ಹೊಡೆದುಹಾಕಿದ್ದೀರಿ. ಕಾರಣ, ನನ್ನ ಪದ್ಯದಲ್ಲಿ ದುಃಖ ಸಾಲದು. ಮೂವತ್ತೆಂಟು ವರ್ಷ ಜನರ ಹಲ್ಲು ಕಿತ್ತವಳು ನಾನು. ನೋವು ಕಡಿಮೆಯಾಯಿತೆಂದು ಬೈಸಿಕೊಂಡದ್ದು ಇದೇ ಮೊದಲು.

ಲ್ಯಾಟಿನ್ ಕವಿತೆಗಳ ಅನುವಾದ ಓದಿದ ಮೇಲೆ ಸ್ಥಳೀಯ ಕವಿಯೊಬ್ಬರು "ಇಂದಿನ ದೇಶಭ್ರಷ್ಟರ ದನಿ"ಯಾಗಿ ಓದಬೇಕೆಂದು ನೀವೇ ಕರೆದಿರಿ. ಕೆನಡಾದ ಈ ವಿಟ್ಬಿಯಲ್ಲಿ ಕೂತು ಕನ್ನಡದಲ್ಲಿ ಬರೆಯುವವಳನ್ನು ಅದುವರೆಗೆ ಯಾರೂ ವೇದಿಕೆಗೆ ಕರೆದಿರಲಿಲ್ಲ. ಕುಣಿದಾಡುತ್ತಾ ಒಪ್ಪಿದೆ. ಪದ್ಯವನ್ನು ಮೊಮ್ಮಗಳು ನಿಶಿತಾ ಮೂರು ವಾರ ಕೂತು ಇಂಗ್ಲಿಷಿಗೆ ತಂದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ, ಒಂದೊಂದು ಪದಕ್ಕೂ ನನಗೆ ಫೋನ್ ಮಾಡಿದಳು.

ಪದ್ಯ ಇಷ್ಟೇ. ಇಲ್ಲಿನ ನಮ್ಮವರೆಲ್ಲ ಮಾಡುವಂತೆ, ಸಂಕ್ರಾಂತಿಗೆ ಫ್ರಿಜ್ ತುಂಬಿದಾಗ ಸಾಂಬಾರಿನ ಪಾತ್ರೆಯನ್ನು ಗರಾಜಿನಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಚಳಿಗೆ ಹೆಪ್ಪುಗಟ್ಟಿ ಸೌಟೇ ಇಳಿಯಲಿಲ್ಲ. ಮನೆಮಂದಿಯೆಲ್ಲ ಸುತ್ತ ನಿಂತು ನಕ್ಕೆವು. ನೀವು ಫೋನಿನಲ್ಲಿ ಮೆಲ್ಲಗೆ ಕೇಳಿದಿರಿ: "ತಾಯ್ನಾಡಿನ ಹಂಬಲ ಎಲ್ಲಿದೆ? ಒಂದು ನದಿ, ಒಬ್ಬ ತಾಯಿ, ಏನಾದರೂ ಸೇರಿಸಬಹುದೇ?"

ನಿಮ್ಮ ಪಟ್ಟಿಯ ರೋಮನ್ ಕವಿಯೊಬ್ಬ ಇಂಥದ್ದನ್ನೆಲ್ಲ ಸೇರಿಸಿದ್ದ, ನಿಜ. ಕಪ್ಪು ಸಮುದ್ರದ ದಡಕ್ಕೆ ಅಟ್ಟಿಸಿಕೊಂಡು, ಅಲ್ಲಿ ದ್ರಾಕ್ಷಾರಸವೂ ಗಡ್ಡೆಕಟ್ಟುತ್ತದೆಂದು ಗೋಳಾಡಿ ರೋಮಿಗೆ ಬರೆದ. ಚಳಿಯನ್ನು ಕೊಂಚ ಉಬ್ಬಿಸಿದ್ದಾನೆ ಎನ್ನುವ ವಿದ್ವಾಂಸರೂ ಇದ್ದಾರೆ. ತಪ್ಪೇನು? ಅವನಿಗೆ ಚಕ್ರವರ್ತಿಯ ಮನಸ್ಸು ಕರಗಿಸಬೇಕಿತ್ತು. ತಾನು ಯಾರೆಂದು ಹೇಳಿಕೊಳ್ಳಲು ಅವನ ಬಳಿ ಉಳಿದದ್ದು ಲ್ಯಾಟಿನ್ ಸಾಲುಗಳು ಮಾತ್ರ. ಅವನ ಪಾಡು ಓದಿ ನಾನೂ ಅತ್ತಿದ್ದೇನೆ. ಆದರೆ ನನ್ನನ್ನು ಯಾವ ಚಕ್ರವರ್ತಿ ಓಡಿಸಿದ? ಕಿಟಕಿ ಪಕ್ಕದ ಸೀಟು ಕೇಳಿ ವಿಮಾನ ಹತ್ತಿದವಳು ನಾನು! ನನ್ನ ಕನ್ನಡ ಮೈಸೂರಿನದು, ನನ್ನ ಹಿಮ ವಿಟ್ಬಿಯದು. ಮೈಸೂರು ನೆನಪಾಗುವುದಿಲ್ಲವೇ ಎಂದರೆ, ಆಗುತ್ತದೆ; ಅದು ಬೇರೆ ಪದ್ಯ.

ಆದರೂ ವೇದಿಕೆಯ ಆಸೆ ಬಿಡಲಿಲ್ಲ ನೋಡಿ. ನಾಚಿಕೆಯಿಂದಲೇ ಹೇಳುತ್ತೇನೆ, ನದಿ ಸೇರಿಸಿ ನಿಶಿತಾಳಿಗೆ ಕಳಿಸಿದೆ. ತಕ್ಷಣ ಫೋನು.

"ಅಜ್ಜಿ, ವಿಚ್ ರಿವರ್? ಅದು ನಮ್ ಗರಾಜ್ ಅಲ್ವಾ?"

ಎಕ್ಸೈಲ್ ಕವಿ, ಅಂದರೆ ದೇಶಭ್ರಷ್ಟ ಕವಿ, ಹೀಗೇ ಬರೆಯೋದು ಕಣೇ ಎಂದು ಏನೋ ಸಮಜಾಯಿಷಿ ಕೊಟ್ಟೆ. ಅವಳು ಕನ್ನಡದಲ್ಲೇ ಕೇಳಿದಳು: "ನೀವು ಎಕ್ಸೈಲಲ್ಲಿ ಇದೀರಾ ಅಂದ್ರೆ, ನಾನೆಲ್ಲಿ ಇದೀನಿ?"

ಅವಳು ಹುಟ್ಟಿದ್ದು ಇಲ್ಲಿ. ಅವಳ ಊರನ್ನು ನನಗಾದ ಶಿಕ್ಷೆ ಎಂದು ಅವಳೆದುರೇ ಮೈಕಿನಲ್ಲಿ ಓದಲೇ? ನದಿಯನ್ನು ಹೊಡೆದುಹಾಕಿ ಮೊದಲಿನ ಪದ್ಯವನ್ನೇ ನಿಮಗೆ ಕಳಿಸಿದೆ. ನೀವು ನನ್ನನ್ನು ಹೊಡೆದುಹಾಕಿದಿರಿ.

ಬೇಡಿಕೆ ಒಂದೇ. ನನ್ನ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿ, ವಿಟ್ಬಿಯ ಕವಿ ಎಂದು ಪರಿಚಯಿಸಿ. ನನ್ನ ಮೊಮ್ಮಗಳು ಮೊದಲ ಸಾಲಿನಲ್ಲಿ ಕೂತಿರುತ್ತಾಳೆ. ತಾನು ಮನೆಯಲ್ಲೇ ಇದ್ದೇನೆ ಎಂಬುದನ್ನು ಅವಳು ಅಜ್ಜಿಯ ಬಾಯಿಂದಲೇ ಕೇಳಬೇಕು.

ಇಂತಿ,
ನಿಮ್ಮ ಪಟ್ಟಿಯಿಂದ ಮಾತ್ರ ಗಡೀಪಾರಾದ
ರಾಜಲಕ್ಷ್ಮಿ