ನೋವಂತೂ ನಿಜ

ಭಾನುವಾರ, ಹದಿನೇಳನೆಯ ತಾರೀಖು

ಪ್ರೀತಿಯ ಇವರಿಗೆ,

ಮೊದಲ ಹಾಳೆಯ ಮೇಲೆ ‘ಪ್ರೀತಿಯ’ ಎಂದು ಬರೆದೆ, ಹೊಡೆದು ಹಾಕಿದೆ. ಇನ್ನೊಂದು ಹಾಳೆ ತೆಗೆದುಕೊಂಡು ಮತ್ತೆ ಅದನ್ನೇ ಬರೆದಿದ್ದೇನೆ. ಇಪ್ಪತ್ತಾರು ವರ್ಷದ ರೂಢಿ, ಅಷ್ಟು ಸುಲಭಕ್ಕೆ ಕೈಬಿಡುವುದಿಲ್ಲ. ಒಂದು ದಿನವೂ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಕಂಡವರಿಗೆಲ್ಲ ‘ಇವರು’ ಎಂದೇ ಹೇಳಿಕೊಂಡು ಬಂದೆ. ಈಗ ಬಯ್ಯೋಣವೆಂದರೂ ಬೇರೆ ಹೆಸರು ನಾಲಿಗೆಗೆ ಬರುತ್ತಿಲ್ಲ ನೋಡಿ.

ನಾನು ಸುಖವಾಗಿ ತಲುಪಿ ಒಂಬತ್ತು ದಿನವಾಯಿತು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿದೆ. ಕಬ್ಬಿಣದ ಮೆಟ್ಟಿಲು, ಒಂದು ಕಿಟಕಿ, ಒಂದು ಸ್ಟವ್. ಬೆಳಗಾದರೆ ಕೆಳಗೆ ಪಂಪಿನಲ್ಲಿ ಗಾಳಿ ಹೊಡೆಯುವ ಸದ್ದಿಗೇ ಎಚ್ಚರವಾಗುತ್ತದೆ. ಕೆಲಸದ ಜಾಗ ನಡೆದೇ ಹೋಗುವಷ್ಟು ಹತ್ತಿರ.

ಮೊನ್ನೆ ನಿಮ್ಮಕ್ಕ ಫೋನು ಮಾಡಿದ್ದರು. ಊಟ ಆಯಿತೇ, ಊರು ಹೇಗಿದೆ, ಅದೊಂದೂ ಕೇಳಲಿಲ್ಲ. “ಕಾಲು ನೋವಿರೋ ಗಂಡನ್ನ ಬಿಟ್ಟು ಹೋಗೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತಮ್ಮ?” ಎಂದರು. ನೀವು ಅವರಿಗೆ ಅರ್ಧ ಕಥೆಯನ್ನಷ್ಟೇ ಹೇಳಿದ್ದೀರಿ ಎಂದು ಆಗ ಗೊತ್ತಾಯಿತು. ಉಳಿದರ್ಧ ನನ್ನ ಬಾಯಿಂದಲೂ ಹೊರಡಲಿಲ್ಲ. ಗಂಡನ ಮಾನ ಕಾಯುವ ಚಾಳಿ ಹಾಗೆ ಅಂಟಿಕೊಂಡುಬಿಟ್ಟಿದೆ. ಆದರೆ ಎಲ್ಲಾದರೂ ಒಂದು ಕಡೆ ಪೂರ್ತಿಯಾಗಿ ಬರೆದಿಡದಿದ್ದರೆ ಈ ಸಂಕಟ ನನ್ನನ್ನು ಒಳಗಿಂದಲೇ ತಿಂದು ಹಾಕುತ್ತದೆ. ಅದಕ್ಕೇ ಈ ಕಾಗದ. ಓದಿದ ಮೇಲೆ ಅವರಿಗೆ ತೋರಿಸುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ಮೂರು ವರ್ಷದ ಹಿಂದಿನ ಆ ಸೋಮವಾರ ಬೆಳಿಗ್ಗೆ ನೆನಪಿದೆಯಲ್ಲ? ಗಿರಣಿಯ ಕ್ಯಾಂಟೀನಿನಲ್ಲಿ ನಾನೂರು ಜನರ ಅಡುಗೆಯನ್ನು ನಿಂತ ಕಾಲಲ್ಲೇ ಮಾಡುವ ನೀವು ಅಂದು ಮಂಚದಿಂದ ಕಾಲು ಕೆಳಗಿಡಲಾರದೆ ಹೋದಿರಿ. ಬಲಗಾಲಿನ ಹೆಬ್ಬೆರಳಿನ ಬುಡ ಕೆಂಪಗೆ ಊದಿ, ಚರ್ಮ ಮಿರಮಿರ ಹೊಳೆಯುತ್ತಿತ್ತು. ಮೇಲೆ ಹೊದ್ದ ತೆಳ್ಳನೆಯ ಹೊದಿಕೆಯ ಭಾರವನ್ನೂ ತಡೆಯಲಾರದೆ “ಅದನ್ನ ತೆಗಿಯೇ, ಕಲ್ಲು ಇಟ್ಟ ಹಾಗಿದೆ” ಎಂದಿರಿ. ಯಾವ ನೋವಿಗೂ ಅಳದವರ ಕಣ್ಣಲ್ಲಿ ಅಂದು ನೀರು ನೋಡಿದೆ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಗೌಟ್ ಎಂದರು. ರಕ್ತದಲ್ಲಿ ಯೂರಿಕ್ ಆ್ಯಸಿಡ್ ಹೆಚ್ಚಾಗಿ, ಕೀಲಿನೊಳಗೆ ಸೂಜಿಯಂಥ ಹರಳು ಕಟ್ಟಿಕೊಂಡು ಚುಚ್ಚುತ್ತದಂತೆ. ಎರಡು ಬಗೆಯ ಮಾತ್ರೆ ಕೊಟ್ಟರು. ಒಂದು ನೋವು ಕೆರಳಿದಾಗ ನಾಲ್ಕಾರು ದಿನಕ್ಕೆ, ಇನ್ನೊಂದು ದಿನವೂ. ನೋವಿಲ್ಲವೆಂದು ದಿನದ ಮಾತ್ರೆ ಬಿಡುವಂತಿಲ್ಲ, ನೋವು ಬಂತೆಂದೂ ಬಿಡುವಂತಿಲ್ಲ ಎಂದು ಎರಡೆರಡು ಸಲ ಹೇಳಿದರು. ಲಿವರ್, ಕೆಂಪು ಮಾಂಸ, ಒಣಮೀನು, ಬಿಯರು, ಬಾಟಲಿಯ ಸಿಹಿ ಪಾನೀಯ ಎಲ್ಲಕ್ಕೂ ಕತ್ತರಿ. ನೀರು ಮಾತ್ರ ಧಾರಾಳ. ಹಿಂದೆ ರಾಜಮಹಾರಾಜರಿಗೆ ಬರುತ್ತಿದ್ದ ಕಾಯಿಲೆ ಇದು ಎಂದು ಅವರು ನಗಿಸಲು ಹೇಳಿದ್ದನ್ನು ನೀವು ಕ್ಯಾಂಟೀನಿನಲ್ಲಿ ಹೇಳಿಕೊಂಡಿರಿ. ಅವತ್ತಿನಿಂದ ಗಿರಣಿಯವರಿಗೆಲ್ಲ ನೀವು ‘ದೊರೆ’. ಸೌಟು ಹಿಡಿದ ದೊರೆ.

ಆ ದೊರೆಯ ಸೇವೆಯನ್ನು ನಾನು ಹೇಗೆ ಮಾಡಿದೆ, ನೀವೇ ಹೇಳಿ. ಲೈಬ್ರರಿಯಲ್ಲಿ ಹರಿದ ಪುಸ್ತಕ ಹೊಲಿದು ಅಂಟಿಸುವುದು ನನ್ನ ಕೆಲಸ. ಅಲ್ಲಿಂದ ದಪ್ಪ ರಟ್ಟು ತಂದು, ಹೊದಿಕೆ ನಿಮ್ಮ ಕಾಲಿಗೆ ತಾಗದಂತೆ ಸೇತುವೆಯ ಹಾಗೆ ಒಂದು ಚೌಕಟ್ಟು ಮಾಡಿಕೊಟ್ಟೆ. ನಿಮ್ಮಕ್ಕ ಬಿಸಿ ಉಪ್ಪುನೀರಿನಲ್ಲಿ ಕಾಲಿಡಿಸಿದರು, ನೀವು ಕಿರುಚಿಕೊಂಡಿರಿ. ಶುಂಠಿ ಕಷಾಯ ಕುಡಿಸಿದರು. ಎಲೆಕೋಸಿನ ಎಲೆ ಜಜ್ಜಿ ಕಟ್ಟಿದರು. ಎಲೆಕೋಸಿನಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ, ಊದಿದ ಕೀಲಿಗೆ ಬಿಸಿ ಮಾತ್ರ ಬೇಡ, ತಣ್ಣಗಿನದು ಇಡಿ ಎಂದು ಡಾಕ್ಟರು ಹೇಳಿದ ಮೇಲೆ, ಟವೆಲಿನಲ್ಲಿ ಐಸು ಸುತ್ತಿಕೊಂಡು ಗಡಿಯಾರ ನೋಡುತ್ತ ಕೂತವಳು ನಾನು. ಒಂದೇ ಒಲೆ, ಎರಡು ಅಡುಗೆ ಏಕೆಂದು ನಾನೂ ನಿಮ್ಮ ಪಥ್ಯವನ್ನೇ ಉಂಡೆ. ಮೀನೆಂದರೆ ಪ್ರಾಣ ಬಿಡುವವಳು ಮೂರು ವರ್ಷ ಮೀನಿನ ಅಂಗಡಿಯ ಬೀದಿಗೇ ಹೋಗಲಿಲ್ಲ. ಬೆಳಿಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ ನಿಮ್ಮ ಅಂಗೈಯಲ್ಲಿ ಮಾತ್ರೆ ಇಟ್ಟು, ನೀರಿನ ಲೋಟ ಕೊಡುವುದು. ಇದನ್ನೆಲ್ಲ ಎತ್ತಿ ಆಡುತ್ತಿದ್ದೇನೆ ಎಂದುಕೊಳ್ಳಬೇಡಿ. ಮಾಡುವಾಗ ಯಾವುದೂ ಭಾರವಾಗಿರಲಿಲ್ಲ. ಈಗ ಭಾರವಾಗುತ್ತಿದೆ.

ಎರಡು ವರ್ಷದ ಹಿಂದೆ ಇಲ್ಲಿಯ ಸಂಗ್ರಹಾಲಯದಿಂದ ನನಗೆ ಮೊದಲ ಸಲ ಕರೆ ಬಂತು. ಹಳೆಯ ಹಡಗುಗಳವರು ಬಳಸುತ್ತಿದ್ದ ಸಮುದ್ರದ ನಕ್ಷೆಗಳು, ಮುನ್ನೂರಕ್ಕೂ ಹೆಚ್ಚು, ನೀರು ಕುಡಿದು, ಹುಳ ತಿಂದು ಹಾಳಾಗಿವೆ, ಬಂದು ಸರಿಪಡಿಸಿಕೊಡಿ ಎಂದು. ನನ್ನ ಕೈಯನ್ನು ಹುಡುಕಿಕೊಂಡು ಯಾರೋ ಬಂದದ್ದು ಬಾಳಿನಲ್ಲಿ ಅದೇ ಮೊದಲು. ಪೆಟ್ಟಿಗೆ ತುಂಬುತ್ತಿದ್ದಾಗ ನಿಮಗೆ ನೋವು ಕೆರಳಿತು. ಅವರು ಕಾಯಲಿಲ್ಲ, ನಾನು ಆಗುವುದಿಲ್ಲವೆಂದು ಬರೆದು ಹಾಕಿದೆ. ಆ ಮಾತು ಅಲ್ಲಿಗೇ ನಿಂತುಹೋಯಿತು.

ಈ ವರ್ಷ ಅವರು ಮತ್ತೆ ಬರೆದರು. ಎರಡು ವರ್ಷದ ಕೆಲಸ, ಕೈಕೆಳಗೆ ಇಬ್ಬರು. ನಿಮಗೆ ಹದಿನಾಲ್ಕು ತಿಂಗಳಿಂದ ನೋವು ಬಂದಿರಲಿಲ್ಲ, ರಕ್ತದ ಲೆಕ್ಕವೂ ಸರಿಯಿತ್ತು. ಕಾಗದ ಓದಿ ನೀವೇ ಸಿಹಿ ತಂದಿರಿ, ಕ್ಯಾಂಟೀನಿಗೆಲ್ಲ ಹಂಚಿದಿರಿ. ನೀವೇ ಹೋಗಿ ರೈಲಿನ ಟಿಕೆಟ್ಟು ಮಾಡಿಸಿಕೊಂಡು ಬಂದಿರಿ. ಹೊರಡಲು ನಾಲ್ಕು ದಿನವಿದೆ ಎನ್ನುವಾಗ ಮತ್ತೆ ಬಿದ್ದಿರಿ. ಈ ಸಲ ಹೆಬ್ಬೆರಳಷ್ಟೇ ಅಲ್ಲ, ಮೊಣಕಾಲೂ ಊದಿತು, ಜ್ವರವೂ ಬಂತು. ಬೆವರು ಸುರಿಸುತ್ತ, ಹಲ್ಲು ಕಚ್ಚಿಕೊಂಡು ನೀವು ಹೇಳಿದ ಮಾತು ಎದೆಯಲ್ಲಿ ಕೂತಿದೆ: “ನೀನು ಹೋಗು. ನನ್ನಿಂದ ನಿನ್ನ ದಾರಿ ಹಾಳಾಗಬಾರದು. ನಾನು ಹೇಗೋ ನೋಡ್ಕೋತೀನಿ.”

ಆ ಮಾತು ಕೇಳಿ ನಿಮ್ಮ ಕಾಲ ಬಳಿ ಕೂತು ಅತ್ತೆ. ಇಂಥ ಗಂಡನನ್ನು ಬಿಟ್ಟು ಹೇಗೆ ಹೋಗಲಿ ಎಂದುಕೊಂಡು ಮರುದಿನವೇ ಬರಲಾಗುವುದಿಲ್ಲವೆಂದು ಕಾಗದ ಹಾಕಿದೆ. ಟಿಕೆಟ್ಟು ರದ್ದಾಯಿತು. ಹನ್ನೊಂದು ದಿನ ನಿಮ್ಮನ್ನು ಬಚ್ಚಲಿಗೆ ಹೆಗಲು ಕೊಟ್ಟು ನಡೆಸಿದೆ.

ಹನ್ನೆರಡನೆಯ ದಿನ ಮೊಟ್ಟೆ ತರಲು ಮೂಲೆಯ ಮಾಂಸದಂಗಡಿಗೆ ಹೋದೆ. ಅಂಗಡಿಯವನು ಒಳ್ಳೆಯವನು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಕೇಳಿದ. “ಯಜಮಾನ್ರು ಈಗ ಬರ್ತಾನೇ ಇಲ್ಲ. ಹೋದ ತಿಂಗಳು ವಾರಪೂರ್ತಿ ದಿನಾ ಅರ್ಧ ಕೆಜಿ ಲಿವರ್ ತಗೊಂಡು ಹೋಗ್ತಿದ್ರು. ನಿಮಗೆ ರಕ್ತ ಕಡಿಮೆ, ನಿಮಗೇ ಅಂತ ಹೇಳ್ತಿದ್ರು. ಈಗ ಪರವಾಗಿಲ್ವಾ ಅಮ್ಮ?”

ಪರವಾಗಿಲ್ಲ ಎಂದೆ. ಮೊಟ್ಟೆ ಹಿಡಿದುಕೊಂಡು ಬಂದೆ. ದಾರಿಯುದ್ದಕ್ಕೂ ನಿಮ್ಮ ಪರವಾಗಿ ವಾದ ಮಾಡಿದವಳು ನಾನೇ. ಕ್ಯಾಂಟೀನಿಗೆ ಇರಬೇಕು, ಯಾರಿಗೋ ತಂದುಕೊಟ್ಟಿರಬೇಕು, ಅಂಗಡಿಯವನಿಗೆ ತಪ್ಪು ತಿಳಿದಿರಬೇಕು. ಮನೆಗೆ ಬಂದು ನಿಮ್ಮ ಕೆಲಸದ ಕೋಟನ್ನು ಒಗೆಯಲು ತೆಗೆದೆ. ಅದು ಮಾಮೂಲು ಕೆಲಸ, ಹುಡುಕಲು ಹೋಗಿದ್ದಲ್ಲ. ಒಳಜೇಬಿನಲ್ಲಿ ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ದಿನದ ಮಾತ್ರೆಗಳು. ಕೆಲವು ಬೆಳ್ಳಗೆ ಇದ್ದ ಹಾಗೇ ಇದ್ದವು, ಕೆಲವು ಬಾಯಲ್ಲಿ ನೆನೆದು ಒಣಗಿ ಅಂಚು ಕರಗಿದ್ದವು. ಇಪ್ಪತ್ತಮೂರು. ಒಂದೊಂದನ್ನೂ ನಿಮ್ಮ ಅಂಗೈಗೆ ನಾನೇ ಹಾಕಿದ್ದೆ. ನನ್ನೆದುರಿಗೆ ನೀರು ಕುಡಿದು, ಲೋಟ ಕೈಗೆ ಕೊಟ್ಟು, ನನ್ನತ್ತ ನೋಡಿ ನಕ್ಕಿದ್ದಿರಿ.

ಹಿಂದಿನ ದಿನ ಕೊಟ್ಟಿದ್ದ ರಕ್ತದ ವರದಿ ತರಲು ಡಾಕ್ಟರ ಬಳಿ ಹೋದೆ. ಯೂರಿಕ್ ಆ್ಯಸಿಡ್ ಐದರ ಸುಮಾರಿನಲ್ಲಿದ್ದದ್ದು ಒಂಬತ್ತು ದಾಟಿತ್ತು. ಮಾತ್ರೆ ನುಂಗುತ್ತಿದ್ದರೆ ಹೀಗೆ ಏರುವುದಿಲ್ಲವಲ್ಲ ಎಂದು ಅವರು ನನ್ನ ಮುಖ ನೋಡಿದರು. ನಾನು ಕಳ್ಳಿಯ ಹಾಗೆ ತಲೆ ತಗ್ಗಿಸಿದೆ. ಮೂತ್ರಪಿಂಡಕ್ಕೂ ಸ್ವಲ್ಪ ಪೆಟ್ಟು ಬಿದ್ದಿದೆ, ಇನ್ನೊಮ್ಮೆ ಹೀಗಾಗಬಾರದು ಎಂದರು.

ಆ ಮಧ್ಯಾಹ್ನ ನೀವು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಸೌತೆಕಾಯಿ ಹೆಚ್ಚುತ್ತಿದ್ದಿರಿ. ಪೊಟ್ಟಣ ತಂದು ಹಲಗೆಯ ಪಕ್ಕ ಇಟ್ಟೆ. ಚಾಕು ನಿಂತಿತು. ಎಂದಿನಿಂದ ಎಂದು ಕೇಳಿದೆ. “ಟಿಕೆಟ್ ತಂದ ದಿನದಿಂದ” ಎಂದಿರಿ. ಬಿಯರೂ ಕುಡಿದಿರಾ ಎಂದೆ. ತಲೆಯಾಡಿಸಿದಿರಿ. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದಿರಿ. ಡಾಕ್ಟರು ಬೇಡವೆಂದ ಒಂದೊಂದನ್ನೂ ಪಾಠ ಒಪ್ಪಿಸುವ ಮಗುವಿನ ಹಾಗೆ ಮಾಡಿ ಮುಗಿಸಿದ್ದಿರಿ.

“ಹೋಗಬೇಡ ಅಂತ ಒಂದು ಮಾತು ಹೇಳಬಹುದಿತ್ತಲ್ಲ” ಎಂದೆ.

“ಹೇಳಿದ್ರೂ ನೀನು ಹೋಗ್ತಿದ್ದೆ. ಹೋದೋಳು ವಾಪಸ್ ಬರ್ತಿರಲಿಲ್ಲ.”

ಹಿಂದಿನ ಸಲದ್ದೂ ಹೀಗೇ ಬರಿಸಿಕೊಂಡದ್ದೇ ಎಂದು ಕೇಳಿದೆ. ಇಲ್ಲ, ಅದು ತಾನಾಗಿ ಬಂದದ್ದು ಎಂದು ಆಣೆ ಮಾಡಿದಿರಿ. ನಾನು ಪೊಟ್ಟಣವನ್ನು ಮತ್ತೆ ಮಡಿಸತೊಡಗಿದ್ದನ್ನು ನೋಡಿ, ನಿಮ್ಮ ಮಟ್ಟಿಗೆ ದೊಡ್ಡ ಸಮರ್ಥನೆ ಎನ್ನುವಂತೆ ಆ ಮಾತು ಆಡಿದಿರಿ.

“ನೋವಂತೂ ನಿಜ ಕಣೇ. ನಾಟಕ ಆಡಿಲ್ಲ ನಾನು.”

ನಿಜ, ನಾಟಕವಾಗಿದ್ದರೆ ಎಷ್ಟೋ ವಾಸಿಯಿತ್ತು. ಕಾಲು ನೋವೆಂದು ಸುಳ್ಳು ಹೇಳಿ ಮಲಗಿದ್ದರೆ ಒಂದು ದಿನ ನಕ್ಕು ಮರೆಯಬಹುದಿತ್ತು. ಎದುರಿನವರಿಗೆ ಅಪಶಕುನವಾಗಲೆಂದು ಮೂಗು ಕೊಯ್ದುಕೊಂಡವನ ಗಾದೆ ಕೇಳಿದ್ದೆ. ಆ ಮೂಗಿಗೆ ಔಷಧಿ ಹಚ್ಚಲೂ ಎದುರಿನವರನ್ನೇ ಕೂರಿಸಿಕೊಂಡದ್ದನ್ನು ಈಗ ಕಂಡೆ. ನನ್ನ ಐಸು, ನನ್ನ ಹೆಗಲು, ನನ್ನ ಕಣ್ಣೀರು ಎಲ್ಲವೂ ಬರುತ್ತವೆಂದು ಮೊದಲೇ ಗೊತ್ತಿದ್ದು ನೀವು ಈ ಕೆಲಸಕ್ಕೆ ಹೊರಟಿದ್ದಿರಿ. ಲಿವರನ್ನಾದರೂ ಕ್ಷಮಿಸಬಹುದೇನೋ. “ನೀನು ಹೋಗು” ಎಂದಿರಲ್ಲ, ಅದನ್ನು ಎಲ್ಲಿಡಲಿ? ಹೋಗಲಾರಳು ಎಂದು ಖಾತ್ರಿ ಮಾಡಿಕೊಂಡ ಮೇಲೆ ದೊಡ್ಡ ಮನಸ್ಸು ತೋರಿಸಿದಿರಿ. ಅಂದು ನಾನು ಅತ್ತದ್ದು ನಿಮ್ಮ ನೋವಿಗಲ್ಲ, ನಿಮ್ಮ ಒಳ್ಳೆಯತನಕ್ಕೆ.

ಮರುದಿನ ಇಲ್ಲಿಗೆ ಫೋನು ಮಾಡಿದೆ. ಜಾಗ ಇನ್ನೂ ಖಾಲಿ ಇದೆ, ತಕ್ಷಣ ಹೊರಡಿ ಎಂದರು. ನೀವು ಅಷ್ಟರಲ್ಲಿ ನಡೆಯುವಂತಾಗಿದ್ದಿರಿ, ಇಲ್ಲದಿದ್ದರೆ ಎಷ್ಟೇ ಸಿಟ್ಟಿದ್ದರೂ ನನ್ನಿಂದ ಹೊಸ್ತಿಲು ದಾಟಲಾಗುತ್ತಿರಲಿಲ್ಲ. ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಿರಿ. ಏನಾದರೂ ಹೇಳುತ್ತೀರೆಂದು ಮೆಟ್ಟಿಲ ಬಳಿ ಒಂದು ಕ್ಷಣ ನಿಂತೆ. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಇಳಿದೆ.

ಇಲ್ಲಿ ದೊಡ್ಡ ಮೇಜು, ಮೇಲಿಂದ ಬೀಳುವ ಒಳ್ಳೆಯ ಬೆಳಕು, ಎದುರಿಗೆ ಒದ್ದೆಯಾಗಿ ಒಣಗಿ ಸುಕ್ಕಾದ ಒಂದು ಸಮುದ್ರ. ದಿನಕ್ಕೆ ಅಂಗೈಯಷ್ಟು ಜಾಗ ಸರಿಯಾದರೆ ಹೆಚ್ಚು. ಕೈಕೆಳಗಿನ ಇಬ್ಬರು ಹುಡುಗಿಯರೂ ಚುರುಕಾಗಿದ್ದಾರೆ, ಅಂಟು ಕಲಸುವುದನ್ನು ಆಗಲೇ ಕಲಿತರು. ನಿನ್ನೆ ಊಟಕ್ಕೆ ಮೀನು ತರಿಸಿದೆ. ರುಚಿ ಹತ್ತಲಿಲ್ಲ.

ಎರಡು ವರ್ಷ ನಾನು ಬರುವುದಿಲ್ಲ. ಆಮೇಲಿನದು ಆಮೇಲೆ. ನಿಮ್ಮನ್ನು ಬಿಟ್ಟೆ ಎಂದೂ ಬರೆಯಲಾರೆ, ನಂಬುತ್ತೇನೆ ಎಂದೂ ಬರೆಯಲಾರೆ. ಇಪ್ಪತ್ತೆಂಟಕ್ಕೆ ರಕ್ತ ಪರೀಕ್ಷೆ ಇದೆ, ಹೋಗಿ ಬನ್ನಿ. ದಿನದ ಮಾತ್ರೆ ಅಡುಗೆಮನೆಯ ಮೇಲಿನ ಕಪಾಟಿನ ನೀಲಿ ಡಬ್ಬಿಯಲ್ಲಿದೆ. ನೀರು ಕುಡಿಯಿರಿ. ಮತ್ತೆ ಊದಿದರೆ ನಿಮ್ಮಕ್ಕನ ಬಿಸಿನೀರಿಗೆ ಒಪ್ಪಬೇಡಿ, ಡಾಕ್ಟರ ಬಳಿ ಹೋಗಿ. ಮಾತ್ರೆಯನ್ನು ನುಂಗುವುದೂ ಉಗುಳುವುದೂ ಇನ್ನು ನಿಮ್ಮದೇ. ನೋಡಲು ಎದುರಿಗೆ ನಾನಿಲ್ಲ.

ಆರೋಗ್ಯ ನೋಡಿಕೊಳ್ಳಿ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಆದರೆ ನಿಜವಾಗಿಯೇ ಬರೆಯುತ್ತಿದ್ದೇನೆ.

ಇಂತಿ,
ನಿಮ್ಮ ಮನೆಯಾಕೆ

ತಾ.ಕ.: ಕವರು ಅಂಟಿಸಿಯಾಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ಮೊದಲ ಸಲ ಅವರು ಕಾಯಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನಿಮ್ಮ ಯಜಮಾನರು ಗುಣವಾದ ಮೇಲೆ ಬನ್ನಿ, ಎರಡು ತಿಂಗಳು ಕಾಯುತ್ತೇವೆ ಎಂದು ಅವರು ಬರೆದಿದ್ದರು. ನೀವು ಮೂರನೆಯ ವಾರಕ್ಕೇ ಕ್ಯಾಂಟೀನಿಗೆ ಹೋಗತೊಡಗಿದ್ದಿರಿ. ಗುರುತಿಲ್ಲದ ಊರು, ಕೈಯಿಂದ ಕೆಲಸ ಕೆಟ್ಟರೆ ಏನು ಗತಿ ಎಂದು ನನಗೇ ಹೆದರಿಕೆಯಾಗಿತ್ತು. ಆ ಕಾಗದವನ್ನು ಹರಿದು ಹಾಕಿ, ‘ಇವರ ಕಾಲು’ ಎಂದು ಎಲ್ಲರಿಗೂ ಹೇಳಿದೆ, ನಿಮಗೂ ಹೇಳಿದೆ. ನೀವು ನಂಬಿದಿರಿ, ಕೈ ಹಿಡಿದುಕೊಂಡು ಬಹಳ ನೊಂದುಕೊಂಡಿರಿ. ನನ್ನನ್ನು ತಡೆದು ನಿಲ್ಲಿಸಲು ನಿಮ್ಮ ಕಾಲೊಂದು ಸಾಕು ಎಂದು ನಿಮಗೆ ಹೇಳಿಕೊಟ್ಟವಳು ನಾನೇ.