ರಿಲ್ಯಾಕ್ಸ್ ಅನ್ನಬಾರದು

ಫೆಬ್ರವರಿ 3, ಸೋಮವಾರ

ಏಳನೇ ತರಗತಿಗೆ ಇವತ್ತು ಹೊಸ ಇಂಗ್ಲಿಷ್ ಕ್ರಿಯಾಪದ — ರಿಲ್ಯಾಕ್ಸ್. ಬೋರ್ಡಿನ ಮೇಲೆ ಅರ್ಥ ಬರೆದೆ: ಬಿಗಿ ಸಡಿಲಿಸು, ಹಗುರಾಗು, ಆರಾಮಾಗಿರು. ಸ್ವಂತ ವಾಕ್ಯ ಹೇಳಿ ಎಂದರೆ ಹಿಂದಿನ ಬೆಂಚಿನ ತರಲೆ ಎದ್ದು ನಿಂತು, ಅಪ್ಪ ಡ್ಯೂಟಿಗೆ ಹೋದಮೇಲೆ ಅಮ್ಮ ರಿಲ್ಯಾಕ್ಸ್ ಆಗ್ತಾಳೆ ಎಂದಳು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ. ಪುಸ್ತಕದ ಉದಾಹರಣೆ — 'ಅವನು ಹಿಡಿತ ಸಡಿಲಿಸಿದ.' ಅದನ್ನು ಓದಿಸಲಿಲ್ಲ, ಪುಟ ತಿರುಗಿಸಿದೆ.

ಮನೆಗೆ ಬಂದರೆ ಇವರ ಎಡಗೈ ಹಾಗೇ ಮುಷ್ಟಿ. ಸ್ಟ್ರೋಕ್ ಆಗಿ ಐದು ತಿಂಗಳು. ಕಾಲು ಸುಧಾರಿಸಿತು, ನಾಲಿಗೆ ಮೊದಲಿನಷ್ಟೇ ಚುರುಕು, ಈ ಕೈ ಮಾತ್ರ ಜಪ್ಪಯ್ಯ ಎಂದರೂ ಬಿಚ್ಚುತ್ತಿಲ್ಲ. ಉಗುರು ಒತ್ತಿ ಅಂಗೈಯಲ್ಲಿ ಗಾಯ. ತಿಂಗಳ ಕೊನೆಯೊಳಗೆ ತಾನಾಗಿ ಸಡಿಲವಾಗದಿದ್ದರೆ ಬೆರಳೆಳೆಯುವ ಸ್ನಾಯುವನ್ನೇ ಕತ್ತರಿಸಿ ಬಿಡಿಸುತ್ತಾರಂತೆ ಡಾಕ್ಟರು. ಗಾಯ ವಾಸಿಯಾಗುತ್ತದೆ, ಹಿಡಿತ ಹೋಗುತ್ತದೆ. ಇಷ್ಟು ವರ್ಷ ಬಸ್ಸಿನ ಗೇರ್ ಹಾಕಿದ ಕೈ. ಇನ್ನೂ ಡ್ರೈವರ್ ಸೀಟಿಗೆ ಮರಳುವ ಆಸೆ ಇವರಿಗೆ.

ಫೆಬ್ರವರಿ 6

ರಿಲ್ಯಾಕ್ಸ್ ಮಾಡ್ರೀ, ರಿಲ್ಯಾಕ್ಸ್ ಮಾಡ್ರೀ — ಬೆಳಿಗ್ಗೆಯಿಂದ ಇದೇ ಆಯಿತು. ಹೇಳಿದಷ್ಟೂ ಬಿಗಿ. ಕೊನೆಗೆ ರೇಗಿಬಿಟ್ಟೆ.

"ನಾನೇನು ಬೇಕಂತ ಹಿಡ್ಕೊಂಡಿದೀನೇನೇ?" ಎಂದರು.

ಯಾಕಾದರೂ ಬಾಯಿ ಬಿಟ್ಟೆನೋ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಫೆಬ್ರವರಿ 13

ಆಸ್ಪತ್ರೆಯಲ್ಲಿ ಇವರ ಕೈಗೆ ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ನಯವಾಗಿಯೇ ಹೇಳಿದಳು. "ಮೇಡಂ, ತಪ್ಪು ತಿಳ್ಕೋಬೇಡಿ, ಸ್ವಲ್ಪ ಹೊರಗಿರ್ತೀರಾ? ನೀವು ಎದುರಿಗಿದ್ರೆ ಸರ್ ಕೈ ಬಿಡ್ಸೋಕೆ ತುಂಬಾ ಒದ್ದಾಡ್ತಾರೆ. ಒದ್ದಾಡಿದಷ್ಟೂ ಬಿಗಿಯಾಗುತ್ತೆ."

ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿ. ಬಾಗಿಲ ಸಂದಿಯಲ್ಲಿ ಕಂಡಿತು — ಇವರು ಅವಳಿಗೆ ಬ್ರೇಕ್ ಕೈಕೊಟ್ಟ ದಿನದ ಕಥೆ ಹೇಳುತ್ತಿದ್ದಾರೆ. ಹೆಬ್ಬೆರಳು ಬಿಟ್ಟುಕೊಂಡಿದೆ. ತೋರುಬೆರಳು ಅರ್ಧ. ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು. ಕಟ್ಟಿಕೊಂಡವಳಿಗೆ ಮುಷ್ಟಿ, ಯಾರ ಮನೆಯದೋ ಹುಡುಗಿಗೆ ಅಂಗೈ... ಛೆ, ಎಂಥ ಮಾತು ಬರೆದೆ.

ಫೆಬ್ರವರಿ 20

ದೂರವೇ ಇದ್ದೇನೆ. ತಟ್ಟೆ ಇಟ್ಟು ಅಡುಗೆಮನೆ ಸೇರುತ್ತೇನೆ. "ಟೀಚರಮ್ಮನಿಗೆ ನನ್ನ ಮೇಲೆ ಕೋಪಾನೋ?" ಎಂದು ಕೇಳಿದರು. ಇಲ್ಲ ಎಂದೆ. ಕಾರಣ ಹೇಳಿದರೆ ಅದಕ್ಕೂ ಒದ್ದಾಡುತ್ತಾರೆ. ಹೇಳದಿದ್ದರೆ ಬೇಸತ್ತಿದ್ದೇನೆ ಅಂದುಕೊಳ್ಳುತ್ತಾರೆ. ದಿಕ್ಕೇ ತೋಚುತ್ತಿಲ್ಲ.

ಫೆಬ್ರವರಿ 26, ಮಧ್ಯಾಹ್ನ

ನಾಳೆ ಡಾಕ್ಟರು ನೋಡಿ ತೀರ್ಮಾನಿಸುತ್ತಾರೆ. ಶಾಲೆಗೆ ರಜೆ ಹಾಕಿದ್ದೇನೆ. ಇವರಿಗೆ ನಿದ್ದೆ. ಕೈ ಪೂರ್ತಿ ತೆರೆದಿದೆ, ಐದೂ ಬೆರಳು. ನಿದ್ದೆಯಲ್ಲಿ ಬಿಡುವುದು ಲೆಕ್ಕಕ್ಕಿಲ್ಲ ಎಂದಿದ್ದಳು ಫಿಸಿಯೋ ಹುಡುಗಿ. ಇರಲಿ, ಗಾಯವನ್ನಾದರೂ ಒರೆಸೋಣವೆಂದು ಹತ್ತಿ ಹಿಡಿದು ಪಕ್ಕದಲ್ಲಿ ಕೂತೆ. ಮುಟ್ಟಿದ್ದೇ ತಡ, ಬೆರಳೆಲ್ಲ ಮಡಚಿಕೊಂಡವು. ನನ್ನ ಎರಡು ಬೆರಳು ಒಳಗೆ ಸಿಕ್ಕಿಬಿದ್ದಿವೆ. ಎಳೆದರೆ ಗಾಯ ಬಿರಿಯುತ್ತದೆ.

ಬಲಗೈ ಖಾಲಿ ಇದೆ, ಬರೆಯುತ್ತಿದ್ದೇನೆ. ನೋಯುತ್ತಿದೆ. ನಾಳೆ ಕತ್ತರಿಸುವುದೆಂದಾದರೆ ಈ ಕೈ ನನ್ನನ್ನು ಇನ್ನು ಹೀಗೆ ಹಿಡಿಯುವುದಿಲ್ಲ. ಬಿಡಿಸಿಕೊಳ್ಳಲು ಮನಸ್ಸೇ ಇಲ್ಲ.

ಕಣ್ಣು ಬಿಟ್ಟರು. "ನೋವಾಯ್ತೇನೇ? ತಡಿ, ಬಿಡ್ತೀನಿ."

ಹೆಣಗುತ್ತಿದ್ದಾರೆ. ಹಣೆಯೆಲ್ಲ ಬೆವರು. ಬೇಡ ಕಣ್ರೀ, ಹಾಗೇ ಹಿಡ್ಕೊಂಡಿರಿ ಎನ್ನಬೇಕು... ಹೇಳಿದರೆ ಇನ್ನೂ ಒದ್ದಾಡುತ್ತಾರೆ, ಇನ್ನೂ ಬಿಗಿಯಾಗುತ್ತದೆ. ಪೆನ್ನು ಕೆಳಗಿಡುತ್ತೇನೆ.