ದುರ್ಗದ ಚೂರಿ

ಯಲ್ಲದಕೆರೆ,
೧೪-೧೦-೧೯೭೭, ಶುಕ್ರವಾರ

ಪ್ರೀತಿಯ ಕಾಟಣ್ಣನಿಗೆ ತಂಗಿ ಶಾಂತ ಕಾಲು ಮುಟ್ಟಿ ಬರೆಯುವುದು.

ನೀನು ಹೇಗಿದ್ದೀಯ? ಅತ್ತಿಗೆಯ ಮಂಡಿನೋವು ಇಳಿಯಿತೇ? ಕಾರ್ಖಾನೆಯ ಬೆಂಕಿಗೆ ನಿನ್ನ ಕಣ್ಣು ಉರಿಯುತ್ತದೆ ಎಂದು ಅವಳೇ ಯಾರೊಡನೆಯೋ ಹೇಳಿ ಕಳಿಸಿದ್ದಳು. ಕೊತ್ತಂಬರಿ ಬೀಜ ನೆನೆಸಿದ ನೀರಿನಲ್ಲಿ ತೊಳೆದುಕೋ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಅಣ್ಣಾ. ತಮ್ಮ ಮಾರಪ್ಪನನ್ನು ನಿನ್ನೆ ಪೊಲೀಸರು ದುರ್ಗದಲ್ಲಿ ಹಿಡಿದು ಕೂರಿಸಿದ್ದಾರೆ. ಸುದ್ದಿ ತಿಳಿದು ನಾನು ಹೊಸದುರ್ಗದಿಂದ ಉಟ್ಟ ಸೀರೆಯಲ್ಲೇ ಬಂದೆ. ಅವನ ಹೆಂಡತಿ ಪುಟ್ಟಕ್ಕ ಒಲೆ ಹಚ್ಚಿಲ್ಲ. ನಿನಗೆ ತಂತಿ ಕೊಡೋಣವೆಂದರೆ, ತಂತಿಯವನ ಮುಖ ಕಂಡ ಕೂಡಲೇ ಯಾರೋ ಸತ್ತರೆಂದು ಅತ್ತಿಗೆ ಅಳಲು ಕೂರುತ್ತಾಳೆ. ಅದರ ನಾಲ್ಕು ಮಾತಿನಲ್ಲಿ ಈ ಕಥೆ ಹಿಡಿಸುವುದೂ ಇಲ್ಲ.

ಎಲ್ಲಕ್ಕೂ ಕಾರಣ ಆ ಚೂರಿ. ನಮ್ಮಪ್ಪನ ಕೈಯ, ಜಿಂಕೆ ಕೊಂಬಿನ ಹಿಡಿಯ, ಗೇಣುದ್ದದ ಚೂರಿ. ಅದರ ಕಥೆಯನ್ನು ಮೊದಲು ಹೇಳಿದ್ದು ನಮ್ಮ ನಿಂಗಕ್ಕಜ್ಜಿ, ಅಪ್ಪ ತೀರಿಕೊಂಡ ವರ್ಷದ ಆಯುಧಪೂಜೆಯಲ್ಲಿ. ಚೂರಿಗೆ ಕುಂಕುಮ ಇಡುತ್ತಾ, "ಇದು ದುರ್ಗದ ಉಕ್ಕು ಕಣ್ರೋ, ಅಂತಿಂಥದ್ದಲ್ಲ" ಎಂದಳು. ಅಜ್ಜಿ ಹೇಳಿದ್ದು ನಿಜವೇ. ದುರ್ಗದ ಗುಜರಿ ಅಂಗಡಿಯಿಂದ ಅಪ್ಪ ಹೊತ್ತು ತಂದು, ಕುಲುಮೆಯಲ್ಲಿ ಕಾಯಿಸಿ ಬಡಿದ ಲಾರಿಯ ಸ್ಪ್ರಿಂಗ್ ಪಟ್ಟಿ ಅದು. ಆದರೆ ಕೇಳಿದವರಿಗೆ ದುರ್ಗ ಎಂದರೆ ಪೇಟೆ ಕಾಣಲಿಲ್ಲ, ಕೋಟೆ ಕಂಡಿತು. ಮುಂದಿನ ವರ್ಷ ಅದು ಕೋಟೆಯ ಚೂರಿಯಾಯಿತು, ಅದರ ಮುಂದಿನ ವರ್ಷ ಪಾಳೇಗಾರರ ಸೊಂಟದ್ದಾಯಿತು, ಆಮೇಲೆ ಊರಿನ ಆಯುಧಪೂಜೆಯ ಮೊದಲ ಕಾಯಿ ಅದಕ್ಕೇ ಆಯಿತು. ಅಜ್ಜಿಯೂ ಆ ಮರ್ಯಾದೆಯ ರುಚಿ ಹತ್ತಿ ಸುಮ್ಮನಾದಳು.

ಮಾರಪ್ಪನದು ನಿನಗೆ ಗೊತ್ತಲ್ಲ, ಬಾಯಿಯೇ ಅವನ ಆಸ್ತಿ. ಹಿರಿಯೂರಿನ ಚಾ ಹೋಟೆಲಿನಲ್ಲಿ ಯಾರೋ, "ಏನಪ್ಪ, ಬೋಟಿ ಕೊಯ್ಯೋ ಚಾಕುಗೆ ಊರೆಲ್ಲ ಕಾಯಿ ಒಡಿತೀರಂತೆ" ಎಂದು ಕೆಣಕಿದರಂತೆ. ಬೆಲೆ ಕಟ್ಟಿಸಿಕೊಂಡೇ ಬರುತ್ತೇನೆಂದು ಇವನು ಚೂರಿಯನ್ನು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ದುರ್ಗಕ್ಕೆ ಹೋದ. ಅಲ್ಲಿ ಮುರುಗಪ್ಪ ಎಂಬ ವಕೀಲರಿದ್ದಾರೆ, ಹಳೇ ಸಾಮಾನು ಕೂಡಿಡುವ ಹುಚ್ಚಿನವರು. ಮಸೂರ ಹಿಡಿದು ನೋಡಿ, ಅಲಗನ್ನು ಉಗುರಿನಿಂದ ಮೀಟಿ ಕಿವಿಗೆ ಹಿಡಿದು, "ಸುತ್ತಿಗೆ ಏಟು ಕಾಣ್ತವೆ, ಯಂತ್ರದ್ದಲ್ಲ. ಇಂಥ ಹಿಡಿ ಈಗ ಯಾರೂ ಕೂರಿಸಲ್ಲ. ಎಲ್ಲಿ ಸಿಕ್ತು?" ಎಂದು ಕೇಳಿದರಂತೆ. ಇವನು ಎದೆ ಉಬ್ಬಿಸಿ, "ಕೋಟೆದು ಸ್ವಾಮಿ, ನಾಯಕರ ಕಾಲದ್ದು" ಎಂದ. ಹೋದ ವಾರ ಕೋಟೆಯ ಗುಡ್ಡದಲ್ಲಿ ಯಾರೋ ನಿಧಿಗಾಗಿ ಅಗೆದು ಓಡಿಹೋಗಿದ್ದರು. ಅಂಥ ಹಳೆಯ ವಸ್ತುಗಳಿಗೆ ಸರ್ಕಾರದ ಹೊಸ ಕಾಯಿದೆಯೂ ಬಂದಿದೆಯಂತೆ. ವಕೀಲರು ಹೆದರಿ ಠಾಣೆಗೆ ತಿಳಿಸಿದರು. ಇವನು ಅಲ್ಲಿಯೂ ಅದೇ ಕಥೆ ಹೇಳಿದ, ಇನ್ನಷ್ಟು ಸೊಗಸಾಗಿ.

ಈಗ ನೋಡು ಅಣ್ಣಾ, ಚೂರಿ ಹಳೆಯದಾದಷ್ಟೂ ನಮ್ಮ ಹುಡುಗ ಕಳ್ಳನಾಗುತ್ತಾನೆ. ನಾನು ಬೆಳಿಗ್ಗೆ ಹೋಗಿ ಇನ್ಸ್‌ಪೆಕ್ಟರ ಮುಂದೆ, ವಕೀಲರ ಮುಂದೆ ಕೈಮುಗಿದೆ. ಅದು ಲಾರಿ ಪಟ್ಟಿ, ಹಿಡಿಯೊಳಗೆ ಪಟ್ಟಿಯ ನಡುಬೋಲ್ಟಿನ ತೂತು ಇದೆ, ಅಪ್ಪ ಅದಕ್ಕೆ ಅರಗು ತುಂಬಿ ಕೊಂಬು ಕೂರಿಸಿದ್ದು, ಬಿಚ್ಚಿ ನೋಡಿ ಎಂದೆ. ವಕೀಲರು ಚೂರಿಯನ್ನು ಎದೆಗೆ ಒತ್ತಿಕೊಂಡು, "ಬಿಚ್ಚಿದ್ರೆ ಅದರ ಬೆಲೆನೇ ಹೋಗುತ್ತಮ್ಮ" ಎಂದರು. "ಬೆಲೆ ಹೋಗ್ಲಿ ಅಂತಲೇ ಬಂದೀನಿ ಸ್ವಾಮಿ" ಎಂದೆ. ಇನ್ಸ್‌ಪೆಕ್ಟರು ನಕ್ಕು, "ಮಾಡಿದ್ದನ್ನ ಕಣ್ಣಾರೆ ಕಂಡೋರು ಯಾರಮ್ಮ? ಅವರನ್ನ ಕರ್ಕಂಡು ಬಾ, ಅವರ ಎದುರಿಗೇ ಬಿಚ್ಚಿಸ್ತೀನಿ" ಎಂದರು. ಕಂಬಿಯ ಹಿಂದಿನಿಂದ ನಮ್ಮ ವೀರ, "ಅಕ್ಕಾ, ಮನೆ ಮಾನ ಕಳಿಬ್ಯಾಡ! ಅಪ್ಪನ ಚೂರಿನ ಗುಜರಿ ಅಂತೀಯಾ?" ಎಂದು ಕೂಗಿಕೊಂಡ. "ಲೇ, ನೀನು ಬಾಯಿ ಮುಚ್ಚಿದ್ರೆ ಮಾನ ತಾನೇ ಉಳಿತೈತೆ" ಎಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಕಣ್ಣಾರೆ ಕಂಡವನು ನೀನೊಬ್ಬನೇ. ತಿದಿ ಒತ್ತಿದವನು ನೀನು. ಮನೆ ಪಾಲಾದ ದಿನ ನೀನೂ ಮಾರಪ್ಪನೂ ಚೂರಿಗೆ ಕೈ ಹಾಕಿದಾಗ, ಪಂಚಾಯ್ತಿಯ ಮುಂದೆ ನೀನು, "ತಗಳ್ಲೇ, ಲಾರಿ ಪಟ್ಟಿಗೆ ಇಷ್ಟು ಹಾರಾಡ್ತೀಯಲ್ಲ" ಎಂದು ಎಸೆದು ಹೋದೆ. ಊರೆಲ್ಲ ನಿನ್ನನ್ನೇ ಬೈಯಿತು, ಅಪ್ಪನ ಚೂರಿಗೆ ಅವಮಾನ ಮಾಡಿದ ಎಂದು. ಅಂದಿನಿಂದ ನೀನು ಈ ಕಡೆ ಬಂದಿಲ್ಲ. ಅಂದು ಯಾರೂ ನಂಬದ ಆ ಒಂದು ಮಾತನ್ನು ಇನ್ನೊಮ್ಮೆ ಹೇಳಲು ಬಾ ಎಂದು ಕೇಳುತ್ತಿದ್ದೇನೆ. ಸೋಮವಾರ ಅವನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಷ್ಟರೊಳಗೆ ನೀನು ಬಂದು ನಿಲ್ಲಬೇಕು. ತಮ್ಮನ ಮೇಲಿನ ಸಿಟ್ಟನ್ನು ನಾನು ತಪ್ಪೆನ್ನುವುದಿಲ್ಲ. ಬೈಯುವುದಿದ್ದರೆ ಬಿಡಿಸಿಕೊಂಡು ಬಂದ ಮೇಲೆ ಬೈ, ನಾನೂ ಜೊತೆಗೆ ಸೇರುತ್ತೇನೆ.

ಇಂದು ಸಂಜೆ ಊರವರನ್ನು ಜಗಲಿಗೆ ಕರೆದಿದ್ದೇನೆ. ಅಜ್ಜಿ ಕಟ್ಟಿದ ಕಥೆಯನ್ನು ಬಿಚ್ಚಿ ಹೇಳುತ್ತೇನೆ. ನಾಲ್ಕು ಜನ ದೊಡ್ಡವರು ನಾಳೆ ಠಾಣೆಗೆ ಬಂದು, ಹೌದು, ಇದು ಇವರಪ್ಪನದೇ ಎಂದರೆ ನಿನ್ನ ಮಾತಿಗೆ ಬಲ ಬರುತ್ತದೆ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನ ಕಣ್ಣುಗಳನ್ನು ತಂಪಾಗಿಡಲಿ.

ದಾರಿ ನೋಡುತ್ತಿರುವ,
ಶಾಂತ

ತಾ.ಕ. ಶನಿವಾರ ಬೆಳಿಗ್ಗೆ. ಶಿವಮೊಗ್ಗ ಬಸ್ಸಿನ ಕಂಡಕ್ಟರ್ ರಂಗಯ್ಯನ ಕೈಯಲ್ಲಿ ಇದನ್ನು ಕಳಿಸಬೇಕು, ಹಿರಿಯೂರಿಗೆ ಹೊರಟಿದ್ದೇನೆ, ಅವಸರದಲ್ಲಿದ್ದೇನೆ. ಸಾಕ್ಷಿಗೆ ಊರನ್ನು ನಂಬಬೇಡ ಅಣ್ಣಾ, ನೀನೊಬ್ಬನೇ ಬಾ, ಹೇಗಾದರೂ ಬಾ. ನಿನ್ನೆ ನಾನು ಲಾರಿ ಪಟ್ಟಿಯ ಕಥೆಯನ್ನು ಬಿಡದೆ ಹೇಳಿದೆ. ಎಲ್ಲರೂ ತಲೆಯಾಡಿಸಿ ಕೇಳಿದರು. ಬೆಳಿಗ್ಗೆ ಒಗೆದ ಪಂಚೆ ಉಟ್ಟು ಗುಂಪಾಗಿ ಬಾಗಿಲಿಗೆ ಬಂದಾಗ ಬಸ್ಸಿಗೇ ಹೊರಟಿದ್ದಾರೆಂದು ನನ್ನ ಜೀವ ಹಿಗ್ಗಿತು. ಅವರು ಒಳಗೆ ಹೋಗಿ ಚೂರಿ ನೇತುಹಾಕುತ್ತಿದ್ದ ಬರೀ ಗೂಟಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಹಿರಿಯ ತಿಪ್ಪಯ್ಯ, "ಆಯುಧಪೂಜೆ ಒಳಗೆ ಕೋಟೆ ಚೂರಿ ಊರಿಗೆ ವಾಪಸ್ ಬರ್ಲಪ್ಪ" ಎಂದು ಹರಕೆ ಹೊತ್ತ. ಮಾರಪ್ಪನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಕಾಯಿ ಒಡೆದು, ಪುಟ್ಟಕ್ಕನ ಕೈಗೂ ಒಂದು ಚೂರು ಇಟ್ಟು, ಹೊಲದ ಕಡೆ ನಡೆದರು.